ಫೋಟೋ ರಾಶಿ ಇತ್ತು, ಹಾಕೋಕೆ ಒಂದೂ ಸಿಗ್ತಿರಲಿಲ್ಲ: ಒಂದು ಇಳಕಲ್ ಸೀರೆ ಮನೆಯ ಪ್ರಕರಣ ಅಧ್ಯಯನ

ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯ ಒಂದು ನೇಕಾರ ಮನೆತನ. ಹೆಸರು, ಊರು ಹೇಳಲ್ಲ, ಗುರುತು ಹಿಡಿಯೋಕೆ ಆಗಬಹುದಾದ ಒಂದೆರಡು ವಿವರ ಬದಲಾಯಿಸಿದೀನಿ, ಅವರಿಗೆ ಓದಿ ಹೇಳಿ ಒಪ್ಪಿಗೆ ತಗೊಂಡೇ ಬರೀತಿರೋದು. ನಾನು ಹುಬ್ಬಳ್ಳಿ ಕಡೆ ಸಣ್ಣ ಅಂಗಡಿಯವರಿಗೆ, ಮನೆಯಿಂದ ವ್ಯಾಪಾರ ಮಾಡೋರಿಗೆ ಸೋಶಿಯಲ್ ಮೀಡಿಯಾ ಕೆಲಸದಲ್ಲಿ ಸಹಾಯ ಮಾಡ್ತೀನಿ. ಪೋಸ್ಟ್‌ಗೆ ಬೇಕಾದ ಐಡಿಯಾ, ಫೋಟೋ, ವಿಡಿಯೋ ಎಲ್ಲಾ ಒಂದು ಕಡೆ ಜೋಡಿಸಿ ಇಟ್ಕೊಳ್ಳೋದು ಹೇಗೆ, ಯಾವ ಆ್ಯಪ್ ಒಳ್ಳೇದು ಅಂತ ತುಂಬಾ ಜನ ಕೇಳ್ತಾರೆ, ಅವರಿಗೆಲ್ಲ ಟಿಪ್ಸ್ ಪಟ್ಟಿ ಕೊಡೋದಕ್ಕಿಂತ ಈ ಮನೇಲಿ ನಡೆದದ್ದನ್ನ ಪೂರ್ತಿ ಹೇಳೋದೇ ಉಪಯೋಗ ಅಂತ ನನಗನ್ಸುತ್ತೆ.

ಮನೇಲಿ ಈ ಕೆಲಸಕ್ಕೆ ಕೈ ಹಾಕೋರು 3 ಜನ. ಮಾವ, ಅಂದ್ರೆ ಯಜಮಾನರು, ಚಿಕ್ಕಂದಿನಿಂದ ಮಗ್ಗದ ಮೇಲೆ ಕೂತೋರು, ದಡಿ ಮುಟ್ಟಿ ನೋಡಿ ಯಾರ ಮನೆ ಮಗ್ಗದ ಸೀರೆ ಅಂತ ಹೇಳೋರು. ಸೊಸೆ, ಅಂಗಡಿ ಲೆಕ್ಕ, ಗಿರಾಕಿಗಳ ವಾಟ್ಸಾಪ್, ಕೊರಿಯರ್ ಎಲ್ಲಾ ಅವಳದೇ. ಮೈದುನ ಬೆಂಗಳೂರಲ್ಲಿ ಐಟಿ ಕೆಲಸ, ಇನ್ಸ್ಟಾಗ್ರಾಮ್ ಪೇಜ್ ಪಾಸ್‌ವರ್ಡ್ ಅವನ ಹತ್ರ. ಮನೇಲಿ ಕೈಮಗ್ಗ ಇವೆ, ಸುತ್ತಲಿನ ಕೆಲವು ಮನೆಗಳಿಗೂ ನೂಲು ಕೊಟ್ಟು ನೇಯಿಸ್ತಾರೆ. ಕಡಿಮೆ ರೇಟಿಂದು ಕೇಳೋರಿಗೆ ಪವರ್‌ಲೂಮ್, ಅಂದ್ರೆ ಕರೆಂಟ್ ಮಗ್ಗದ ಸೀರೆನೂ ತರಿಸಿ ಮಾರ್ತಾರೆ, ಆದ್ರೆ ಇದು ಪವರ್‌ಲೂಮ್ ಅಂತ ಹೇಳೇ ಕೊಡ್ತಾರೆ, ಅದು ಅವರ ಮನೆ ಕಟ್ಟುನಿಟ್ಟು.

2020ರ ಲಾಕ್‌ಡೌನ್ ತನಕ ಇವರ ಸೀರೆ ಹೆಚ್ಚಾಗಿ ಹೊರಗಿನ ವ್ಯಾಪಾರಿಗಳಿಗೇ ಹೋಗ್ತಿತ್ತು. ವ್ಯಾಪಾರಿಗಳು ಬರೋದು ನಿಂತಾಗ ಮೈದುನ ಪೇಜ್ ಶುರು ಮಾಡಿದ, ಸೊಸೆ ವಾಟ್ಸಾಪ್ ಬಿಸಿನೆಸ್ ಹಾಕ್ಕೊಂಡ್ಲು, ಬೆಂಗಳೂರು, ಪುಣೆ, ಹೊರದೇಶದಲ್ಲಿರೋ ನಮ್ಮ ಕಡೆ ಹೆಣ್ಮಕ್ಕಳು ಆರ್ಡರ್ ಕೊಡೋಕೆ ಶುರು ಮಾಡಿದ್ರು. ಒಳ್ಳೇ ಆರಂಭನೇ.

ಇಲ್ಲಿ ಇಳಕಲ್ ಸೀರೆ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಯಾಕಂದ್ರೆ ಮುಂದಿನ ತೊಂದರೆಯ ಬೇರು ಅಲ್ಲೇ ಇದೆ. ಈ ಸೀರೆಯಲ್ಲಿ ಮೈಯ ಹಾಸು, ಅಂದ್ರೆ ಮಗ್ಗದ ಮೇಲೆ ಉದ್ದಕ್ಕೆ ಎಳೆಯೋ ನೂಲು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕುಣಿಕೆ ಹಾಕಿ ಜೋಡಿಸ್ತಾರೆ, ಅದಕ್ಕೇ ತೋಪ್ ತೆನಿ ಅನ್ನೋದು. ಹಾಗಾಗಿ ಒಂದೊಂದು ಸೀರೆಗೂ ಹಾಸು ಬೇರೆ ಬೇರೆ ತಯಾರಾಗ್ಬೇಕು. ರೆಡಿಮೇಡ್ ಬಟ್ಟೆ ಥರ ಒಂದು ಫೋಟೋ ತೆಗೆದು ಅದೇ ಮಾಲು ನೂರು ಪೀಸ್ ಮಾರೋಕಾಗಲ್ಲ. ದಡಿ ಗೋಮಿ ಇರಬಹುದು, ಚಿಕ್ಕಿ ಪರಾಸ್ ಇರಬಹುದು, ದೊಡ್ಡ ಪರಾಸ್ ಇರಬಹುದು, ಗಾಡಿ ಇರಬಹುದು. ಮೈ ಹತ್ತಿನಾ, ಹತ್ತಿ ರೇಶ್ಮೆ ಕೂಡಿದ್ದಾ, ಪೂರ್ತಿ ರೇಶ್ಮೆನಾ. ಇವೆಲ್ಲ ಸೇರಿದಾಗ ಅಂಗಡಿಯ ಪ್ರತಿ ಸೀರೆನೂ ಹೆಚ್ಚುಕಮ್ಮಿ ಒಂದೇ ಪೀಸು. ಅಂದ್ರೆ ಫೋಟೋನೂ ದಿನಾ ಹೊಸದು, ಅದರ ವಿವರನೂ ಹೊಸದು.

ತೊಂದರೆ ಏನಿತ್ತು

ನಾನು ಹೋದಾಗ ಅವರು ಹೇಳಿದ್ದು "ನಮಗ ಕಂಟೆಂಟ್ ಐಡಿಯಾ ಬೇಕ್ರಿ" ಅಂತ. ಒಂದು ಸಂಜೆ ಕೂತು ನೋಡಿದ್ರೆ ಐಡಿಯಾಗೂ ಬರ ಇಲ್ಲ, ಫೋಟೋಗೂ ಬರ ಇಲ್ಲ. ಸೊಸೆ ಒಂದೇ ಮಾತಲ್ಲಿ ಹೇಳಿದ್ಲು, "ಫೋಟೋ ಅದಾವ್ರಿ, ನಾನ ತೆಗದೇನಿ, ಆದ್ರ ಎಲ್ಲಿ ಅದಾವ ಅನ್ನೋದ ಗೊತ್ತಿಲ್ಲ."

ಮಾವನ ಫೋನಲ್ಲಿ ಒಂದಷ್ಟು, ಸೊಸೆ ಫೋನಲ್ಲಿ ಸಾವಿರಗಟ್ಲೆ, ನೇಕಾರರ ವಾಟ್ಸಾಪ್ ಗ್ರೂಪಲ್ಲಿ ಒಂದು ರಾಶಿ, ಗಿರಾಕಿಗಳು ಸೀರೆ ಉಟ್ಟು ಪ್ರೀತಿಯಿಂದ ಕಳಿಸಿದ ಫೋಟೋಗಳು ಅವರವರ ಚಾಟ್ ಒಳಗೇ. ವಾಟ್ಸಾಪಿಂದ ಸೇವ್ ಆದ ಫೋಟೋ ಹೆಸರು ಹೇಗಿರುತ್ತೆ ಗೊತ್ತಲ್ಲ, ಐಎಂಜಿ ಅಂತ ಶುರುವಾಗಿ ಒಂದು ತಾರೀಖು, ಆಮೇಲೆ ಡಬ್ಲ್ಯೂಎ ಅಂತ ಒಂದು ನಂಬರ್, ಆ ತಾರೀಖೂ ಕೂಡ ಫೋಟೋ ತೆಗೆದ ದಿನದ್ದಲ್ಲ, ಫಾರ್ವರ್ಡ್ ಆಗಿ ಬಂದ ದಿನದ್ದು. ಯಾವ ಸೀರೆ, ಯಾರು ನೇಯ್ದಿದ್ದು, ಇನ್ನೂ ಅಂಗಡೀಲಿ ಇದೆಯಾ, ಒಂದೂ ಅದರಿಂದ ತಿಳಿಯಲ್ಲ.

ಇನ್ನೊಂದು, ಮೈದುನನಿಗೆ ಹೋಗ್ತಿದ್ದ ಎಲ್ಲಾ ಫೋಟೋ ವಾಟ್ಸಾಪ್ ಮೂಲಕ, ಅದು ಫೈಲನ್ನ ಒತ್ತಿ ಚಿಕ್ಕದು ಮಾಡಿ ಕಳಿಸುತ್ತೆ. ಮನುಷ್ಯರ ಫೋಟೋಲಿ ಅಷ್ಟಾಗಿ ಕಾಣಲ್ಲ, ಆದ್ರೆ ಇಳಕಲ್ ಸೆರಗಿನ ಕೆಂಪಿನ ನಡುವೆ ಬರೋ ಬಿಳಿ ತೆನೆ ಇದೆಯಲ್ಲ, ಆ ಚೂಪು ಗೆರೆಗಳು ಕಲಸಿ ಹೋಗಿ ಪ್ರಿಂಟ್ ಹೊಡೆದ ಬಟ್ಟೆ ಥರ ಕಾಣ್ತಿತ್ತು. ದಿನಗಟ್ಟಲೆ ಕೂತು ನೇಯ್ದ ಸೆರಗು ಪ್ರಿಂಟ್ ಥರ ಕಂಡ್ರೆ ಆ ರೇಟನ್ನ ಯಾರು ಒಪ್ತಾರೆ ಹೇಳಿ.

ಮೂರನೇದು ರೇಟ್ ಬರೆದ ಫೋಟೋಗಳು. ಸೊಸೆ ಒಳ್ಳೇದಕ್ಕೇ ಅಂತ ಫೋಟೋ ಮೇಲೇ ದೊಡ್ಡದಾಗಿ ರೇಟ್, ಅಂಗಡಿ ನಂಬರ್, "ಆಫರ್" ಅಂತೆಲ್ಲ ಬರೆದು ಸೇವ್ ಮಾಡಿ ಅಸಲಿ ಫೋಟೋ ಡಿಲೀಟ್ ಮಾಡ್ತಿದ್ಲು, ಫೋನಲ್ಲಿ ಜಾಗ ಇಲ್ಲ ಅಂತ. ಅವು ಫಾರ್ವರ್ಡ್ ಆಗ್ತಾ ಆಗ್ತಾ ಎಲ್ಲೆಲ್ಲಿಗೋ ಹೋಗಿ, ನೂಲಿನ ರೇಟ್ ಏರಿದ ಮೇಲೂ ಹಳೇ ರೇಟ್ ತೋರಿಸಿ ಇಷ್ಟಕ್ಕೇ ಕೊಡಿ ಅಂತ ಜಗಳಕ್ಕೆ ಬರೋರು. ಅಸಲಿ ಇಲ್ಲದ್ದರಿಂದ ಆ ಸೀರೆ ಬಗ್ಗೆ ಮತ್ತೊಂದು ಪೋಸ್ಟ್ ಮಾಡೋಕೂ ಆಗ್ತಿರಲಿಲ್ಲ.

ಇನ್ನು ಮೈದುನನ ಐಡಿಯಾಗಳು. ಅವನು ಇನ್ಸ್ಟಾಗ್ರಾಮ್‌ನಲ್ಲಿ ಬೇರೆಯವರ ರೀಲ್ಸ್ ಸೇವ್ ಮಾಡ್ಕೊಂಡು ಇಡ್ತಿದ್ದ, ಕಾಂಚೀವರಂ, ಬನಾರಸಿ, ಚಂದೇರಿ, ಎಲ್ಲಾ. ತನ್ನ ಅರ್ಧಂಬರ್ಧ ಪೋಸ್ಟ್‌ಗಳನ್ನ ಆ್ಯಪ್ ಒಳಗೇ ಡ್ರಾಫ್ಟ್ ಆಗಿ ಇಡ್ತಿದ್ದ. ಆ ಡ್ರಾಫ್ಟ್‌ಗಳು ಫೋನಲ್ಲಿ ಮಾತ್ರ ಇರ್ತವೆ, ಆ್ಯಪ್ ತೆಗೆದ್ರೆ ಹೋಗ್ತವೆ, ಅವನು ಫೋನ್ ಬದಲಾಯಿಸಿದಾಗ ಅಷ್ಟೂ ಹೋದ್ವು.

ಇದೆಲ್ಲದರ ಭಾರ ಬೀಳ್ತಿದ್ದದ್ದು ರಾತ್ರಿ 9ರ ಮೇಲೆ. ಮೈದುನ ಆಫೀಸ್ ಮುಗಿಸಿ ಅತ್ತಿಗೆಗೆ ಮೆಸೇಜ್ ಮಾಡೋನು, ಇವತ್ತು ಏನು ಹಾಕ್ಲಿ ಅಂತ. ಅತ್ತಿಗೆ ಅಡಿಗೆ ಮನೆಯಿಂದ ಬಂದು ಗ್ಯಾಲರಿ ತೆಗೆದು ಹುಡುಕೋಳು, ಒಂದು ಫೋಟೋ ಸಿಗೋದು, ಇದು ಯಾವ ದಡಿ ಅಂತ ಕೇಳಿದ್ರೆ ಮಾವ ಮಲಗಿರೋರು. ಕೊನೆಗೆ "ಸುಂದರವಾದ ಇಳಕಲ್ ಸೀರೆ, ಆರ್ಡರ್‌ಗೆ ಸಂಪರ್ಕಿಸಿ" ಅಂತ ಎಲ್ಲಾ ಸೀರೆಗೂ ಹೊಂದೋ ಒಂದು ಸಾಲು ಹಾಕಿ ಮುಗಿಸೋರು. ಆ ಮನೆತನದ ಅಷ್ಟು ವರ್ಷದ ತಿಳುವಳಿಕೆ ಪೇಜಲ್ಲಿ ಒಂದು ಚೂರೂ ಕಾಣ್ತಿರಲಿಲ್ಲ, ನನಗೆ ನಿಜವಾಗ್ಲೂ ಸಂಕಟ ಆಗಿದ್ದು ಅದಕ್ಕೆ.

ಮೊದಲು ಮಾಡಿ ನೋಡಿದ್ದು

ನಾನು ಹೋಗೋ ಮುಂಚೆನೇ ಒಂದು ಏಜೆನ್ಸಿಗೆ ಕೊಟ್ಟು ನೋಡಿದ್ರು. ಅವರು ತಿಂಗಳ ಕ್ಯಾಲೆಂಡರ್ ಮಾಡಿ ಕೊಟ್ರು, ಸೋಮವಾರ ಸುಭಾಷಿತ, ಬುಧವಾರ ಹೊಸ ಸೀರೆ, ಶುಕ್ರವಾರ ಹಬ್ಬದ ಶುಭಾಶಯ. ಟೆಂಪ್ಲೇಟ್ ಚೆನ್ನಾಗಿದ್ವು, ಆದ್ರೆ ಬುಧವಾರದ ಖಾನೆ ತುಂಬೋಕೆ ಮತ್ತೆ ಇವರೇ ಫೋಟೋ ಹುಡುಕಿ ಕಳಿಸ್ಬೇಕು. ಕ್ಯಾಲೆಂಡರ್ ಯಾವಾಗ ಹಾಕ್ಬೇಕು ಅಂತ ಹೇಳ್ತಿತ್ತೇ ಹೊರತು ಏನು ಹಾಕ್ಬೇಕೋ ಅದು ಎಲ್ಲಿದೆ ಅಂತ ಹೇಳ್ತಿರಲಿಲ್ಲ, ಅಲ್ಲಿಗೇ ನಿಂತೋಯ್ತು.

ಆಮೇಲೆ ಮೈದುನ ಆಫೀಸಲ್ಲಿ ಬಳಸೋ ಥರದ ಒಂದು ಬೋರ್ಡ್ ಆ್ಯಪ್ ತಂದ. ಕಾರ್ಡ್, ಬಣ್ಣಬಣ್ಣದ ಟ್ಯಾಗ್, ಡ್ಯೂ ಡೇಟ್ ಎಲ್ಲಾ ಇತ್ತು. ಅವನೊಬ್ಬನಿಗೆ ಅದು ಹಿಡಿಸ್ತು. ಸೊಸೆಗೆ ಅಂಗಡೀಲಿ ಗಿರಾಕಿ ಮುಂದೆ ಕೂತಾಗ ವಾಟ್ಸಾಪ್ ಬಿಟ್ಟು ಇನ್ನೊಂದು ಆ್ಯಪ್ ತೆಗೆದು ಇಂಗ್ಲಿಷಲ್ಲಿ ಟ್ಯಾಗ್ ಆರಿಸೋಕೆ ಪುರುಸೊತ್ತೆಲ್ಲಿ. ಶ್ರಾವಣದ ಗಲಾಟೆ ಶುರುವಾದ ಮೇಲೆ ಅದನ್ನ ಯಾರೂ ತೆಗೀಲೇ ಇಲ್ಲ.

ನಾವು ಕೂಡಿ ಮೊದಲು ಮಾಡಿದ್ದು ಗೂಗಲ್ ಡ್ರೈವ್‌ನಲ್ಲಿ ತಿಂಗಳ ಪ್ರಕಾರ ಫೋಲ್ಡರ್, ಅದರೊಳಗೆ ಹಬ್ಬದ ಫೋಲ್ಡರ್. ನೋಡೋಕೆ ಅಚ್ಚುಕಟ್ಟು. ಆದ್ರೆ ನಮ್ಮ ಹಬ್ಬಗಳು ಇಂಗ್ಲಿಷ್ ತಿಂಗಳಿಗೆ ಸಿಗಲ್ಲ. ನಾಗರ ಪಂಚಮಿ 2024ರಲ್ಲಿ ಆಗಸ್ಟ್ 9ಕ್ಕೆ ಬಂತು, 2025ರಲ್ಲಿ ಜುಲೈ 29ಕ್ಕೇ ಬಂತು. ಉತ್ತರ ಕರ್ನಾಟಕದಲ್ಲಿ ಪಂಚಮಿ ಅಂದ್ರೆ ಹೆಣ್ಮಕ್ಕಳು ತವರಿಗೆ ಬರೋ ಹಬ್ಬ, ಸೀರೆ ವ್ಯಾಪಾರಕ್ಕೆ ದೊಡ್ಡ ಸೀಸನ್, ಆ ಫೋಟೋಗಳು ಆಗಸ್ಟ್ ಫೋಲ್ಡರಲ್ಲಿದ್ರೆ ಮುಂದಿನ ವರ್ಷ ಜುಲೈಯಲ್ಲಿ ಯಾರು ನೆನಪಿಟ್ಟು ತೆಗೀತಾರೆ? ಜೊತೆಗೆ ಒಂದೇ ಹಸಿರು ಸೀರೆ ಪಂಚಮಿಗೂ ಆಗುತ್ತೆ, ಸೀಮಂತಕ್ಕೂ ಆಗುತ್ತೆ, ಗುಳೇದಗುಡ್ಡ ಖಣದ ಕುಬ್ಸದ ಜೊತೆ ತೋರಿಸೋಕೂ ಆಗುತ್ತೆ. ಯಾವ ಫೋಲ್ಡರಿಗೆ ಹಾಕೋದು ಅಂತ ಮೂರೂ ಕಡೆ ಕಾಪಿ ಹಾಕಿದ್ರು, ಸೀರೆ ಮಾರಾಟ ಆದಾಗ ಒಂದು ಕಡೆ ತೆಗೆದ್ರು, ಇನ್ನೆರಡು ಕಡೆ ಹಾಗೇ ಉಳೀತು.

ಆಗಸ್ಟ್ 7

ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ, 1905ರಲ್ಲಿ ಸ್ವದೇಶಿ ಚಳವಳಿ ಶುರುವಾದ ದಿನದ ನೆನಪಿಗೆ 2015ರಿಂದ ಆಚರಿಸ್ತಾರೆ. ಇವರಂಥ ಮನೆಗೆ ವರ್ಷದಲ್ಲಿ ಬಿಡಬಾರದ ದಿನ. ಮೈದುನ ರಾತ್ರಿ ಡ್ರೈವ್‌ನಿಂದ ಚೆಂದ ಕಂಡ ಒಂದು ಕೆಂಪು ಸೀರೆ ಫೋಟೋ ತೆಗೆದು, ನಮ್ಮ ಮನೆ ಕೈಮಗ್ಗದ್ದು ಅಂತ ಮನಸ್ಸಿಟ್ಟು ಬರೆದು ಹಾಕಿದ. ಬೆಳಿಗ್ಗೆ ಏಳೋ ಹೊತ್ತಿಗೆ ಕೆಳಗೆ ಒಬ್ಬರ ಕಾಮೆಂಟ್: "ಇದ್ರಾಗ ತೋಪ್ ತೆನಿ ಜೋಡಣಿ ಎಲ್ಲೈತ್ರಿ? ಇದು ಪವರ್‌ಲೂಮ್ ಸೀರಿ." ಅವರು ಹೇಳಿದ್ದು ಸರಿ, ಆ ಜೋಡಣೆನೇ ಕೈಮಗ್ಗದ ಗುರುತು. ಅದು ಪವರ್‌ಲೂಮ್ ಮಾಲಿನ ಫೋಟೋ, ಹಬ್ಬದ ಫೋಲ್ಡರಲ್ಲಿ ಎಲ್ಲದರ ಜೊತೆ ಕಲಸಿ ಹೋಗಿತ್ತು.

ಪೋಸ್ಟ್ ತೆಗೆದ್ರು, ತಪ್ಪಾಗಿದೆ ಅಂತ ಪೇಜಲ್ಲೇ ಬರೆದ್ರು, ಕಾಮೆಂಟ್ ಹಾಕಿದವರಿಗೆ ಫೋನ್ ಮಾಡಿ ಮಾತಾಡಿದ್ರು. ಆದ್ರೆ ಮಾವ ಅವತ್ತು ಊಟ ಬಿಟ್ಟು ಕೂತ್ರು. ಅವರು ಹೇಳಿದ್ದಿಷ್ಟೇ, "ಅಂಗಡ್ಯಾಗ ಒಂದ ದಿನಾನೂ ಸುಳ್ಳ ಹೇಳಿ ಮಾರಿಲ್ಲ ನಾವ. ಫೋನಿನ್ಯಾಗ ಯಾಕ ಹಿಂಗಾತು?"

ಆ ಪ್ರಶ್ನೆ ಇಡೀ ಕೆಲಸದ ದಿಕ್ಕು ಬದಲಾಯಿಸ್ತು. ಅಂಗಡೀಲಿ ಯಾಕೆ ಈ ತಪ್ಪು ಆಗಲ್ಲ ಅಂತ ಕೂತು ಯೋಚನೆ ಮಾಡಿದ್ವಿ. ಅಂಗಡೀಲಿ ಸೀರೆ ಕೈಯಲ್ಲಿರುತ್ತೆ, ಅದನ್ನ ಬಲ್ಲವರು ಎದುರಿಗಿರ್ತಾರೆ, ಸ್ಟಾಕ್ ಪುಸ್ತಕದಲ್ಲಿ ಅದಕ್ಕೊಂದು ನಂಬರ್ ಇರುತ್ತೆ. ಫೋನಿಗೆ ಹೋದಾಗ ಫೋಟೋ ಮಾತ್ರ ಹೋಗುತ್ತೆ, ತಿಳುವಳಿಕೆ ಹೋಗಲ್ಲ, ನಂಬರೂ ಹೋಗಲ್ಲ. ಅಂದ್ರೆ ಜೋಡಿಸ್ಬೇಕಾಗಿದ್ದು ಫೋಲ್ಡರ್‌ಗಳನ್ನಲ್ಲ, ಸೀರೆ ಕೈಯಲ್ಲಿರೋ ಆ ಹೊತ್ತಲ್ಲೇ ಫೋಟೋ ಜೊತೆ ಅದರ ವಿವರ ಕಟ್ಟಿ ಹಾಕ್ಬೇಕಾಗಿತ್ತು.

ಹೊಸ ಪದ್ಧತಿ

ಮೊದಲ ನಿರ್ಧಾರ, ಹೊಸ ನಂಬರ್ ಹುಟ್ಟಿಸೋದು ಬೇಡ. ಅವರ ಸ್ಟಾಕ್ ಪುಸ್ತಕದ ನಂಬರೇ ಎಲ್ಲದಕ್ಕೂ. ಸೀರೆ ಅಂಗಡಿಗೆ ಬಂದ ದಿನ ಪುಸ್ತಕದಲ್ಲಿ 214 ಅಂತ ಎಂಟ್ರಿ ಆದ್ರೆ, ಒಂದು ಬಿಳಿ ಚೀಟಿ ಮೇಲೆ ಮಾರ್ಕರಲ್ಲಿ 214 ಅಂತ ಬರೆದು ಸೀರೆಗೆ ಪಿನ್ ಮಾಡೋದು, ಮೊದಲ ಫೋಟೋ ಆ ಚೀಟಿ ಕಾಣೋ ಹಾಗೆ. ಆಮೇಲೆ ಚೀಟಿ ಸರಿಸಿ ಮಡಿಕೆಯ ಪೂರ್ತಿ ಫೋಟೋ, ಸೆರಗು ಬಿಚ್ಚಿ ಒಂದು, ದಡಿ ಹತ್ತಿರದಿಂದ ಒಂದು, ಸೆರಗು ಮೈ ಸೇರೋ ಜಾಗದ್ದು ಒಂದು, ಹೊರಗೆ ಕಟ್ಟೆ ಮೇಲೆ ಬಿಸಿಲಲ್ಲಿ ಬಣ್ಣದ್ದು ಒಂದು, ಜೊತೆಗೆ ಸೆರಗು ಹರಡೋ ಒಂದು ಚಿಕ್ಕ ವಿಡಿಯೋ, ಫೋನ್ ಉದ್ದಕ್ಕೆ ಹಿಡಿದು. ಇವಿಷ್ಟೂ ಡ್ರೈವ್‌ನಲ್ಲಿ 214 ಅನ್ನೋ ಫೋಲ್ಡರಿಗೆ ಹೋಗ್ತವೆ. ಒಂದೊಂದು ಫೋಟೋಗೂ ಹೆಸರು ಬದಲಾಯಿಸೋ ಗೋಜಿಗೆ ಹೋಗಲಿಲ್ಲ, ಫೋಲ್ಡರ್ ಹೆಸರೇ ಸಾಕು. ಹಬ್ಬ, ತಿಂಗಳು ಯಾವುದೂ ಫೋಲ್ಡರಲ್ಲಿ ಇಲ್ಲ.

ಸೆರಗು ಮೈ ಸೇರೋ ಜಾಗದ ಫೋಟೋ ಕಡ್ಡಾಯ ಮಾಡಿದ್ದು ಆಗಸ್ಟ್ 7ರ ಮೇಲೇ. ಅದಿಲ್ಲದ ಸೀರೆಗೆ ಪೋಸ್ಟಲ್ಲಿ ಕೈಮಗ್ಗ ಅನ್ನೋ ಪದ ಬಳಸೋ ಹಾಗಿಲ್ಲ.

ಎರಡನೇದು ಮಾವನ ಮಾತು. ಅವರು ಟೈಪ್ ಮಾಡಲ್ಲ, ಫಾರ್ಮ್ ತುಂಬಲ್ಲ. ಆದ್ರೆ ಸೀರೆ ಕೈಗೆ ಕೊಟ್ರೆ ಮಾತಾಡ್ತಾರೆ. ಹಾಗಾಗಿ ಫೋಟೋ ತೆಗೆಯೋ ಹೊತ್ತಲ್ಲೇ ಸೊಸೆ ಫೋನ್ ಹಿಡಿದು ವಾಯ್ಸ್ ನೋಟ್ ರೆಕಾರ್ಡ್ ಮಾಡ್ತಾಳೆ. ಒಂದು ಕೇಳಿಸಿಕೊಂಡೆ, ಹೀಗಿತ್ತು: "ಇನ್ನೂರಾ ಹದಿನಾಕು. ನಮ್ಮ ಮನ್ಯಾಗಿನ ಮಗ್ಗದ್ದ. ಮೈ ಹತ್ತಿ, ಸೆರಗು ರೇಶ್ಮಿ. ದಡಿ ಚಿಕ್ಕಿ ಪರಾಸ. ಮೈ ಬಣ್ಣ ಒಂದ ಚೂರ ಕಪ್ಪ ಹೊಡದಂಗ ಐತಿ, ಬಿಸಲಾಗ ನೋಡಿದ್ರ ಗೊತ್ತಾಕ್ಕೈತಿ, ಗಿರಾಕಿಗೆ ಮೊದಲ ಹೇಳ್ಬೇಕ." ಅರ್ಧ ನಿಮಿಷ ಇಲ್ಲ. ಇದರಲ್ಲಿ ಪೋಸ್ಟ್‌ಗೆ ಬೇಕಾದ್ದೆಲ್ಲ ಇದೆ, ಬಣ್ಣ ಬೇರೆ ಬಂತು ಅಂತ ನಾಳೆ ಬರಬಹುದಾದ ದೂರೂ ಇವತ್ತೇ ಬಗೆಹರಿದಿದೆ. ಸೊಸೆ ಮಧ್ಯಾಹ್ನ ಬಿಡುವಾದಾಗ ಅದನ್ನ ಕೇಳಿ, ಕೀಬೋರ್ಡ್‌ನ ಕನ್ನಡ ವಾಯ್ಸ್ ಟೈಪಿಂಗ್‌ನಲ್ಲಿ ತಾನೇ ಹೇಳಿ ಗೂಗಲ್ ಶೀಟಿಗೆ ಹಾಕ್ತಾಳೆ.

ಶೀಟಲ್ಲಿ ಒಂದು ಸೀರೆಗೆ ಒಂದು ಸಾಲು. ನಂಬರ್, ಮಗ್ಗ ಯಾವುದು, ನೂಲು, ದಡಿ, ಬಣ್ಣ, ಮಾವನ ಮಾತು, ಫೋಲ್ಡರ್ ಲಿಂಕ್, ಯಾವುದಕ್ಕೆ ಒಪ್ಪುತ್ತೆ, ಇದೆಯೋ ಹೋಯ್ತೋ, ಪೋಸ್ಟ್ ಹಾಕಿದ ತಾರೀಖು, ಒಪ್ಪಿಗೆ. ಯಾವುದಕ್ಕೆ ಒಪ್ಪುತ್ತೆ ಅನ್ನೋ ಕಾಲಮ್ಮಿಗೆ ಪಂಚಮಿ, ಸೀಮಂತ, ಮದುವೆ, ದಿನ ಉಡೋಕೆ, ಅಮ್ಮನಿಗೆ ಕೊಡೋಕೆ ಅಂತ ಎಷ್ಟು ಬೇಕಾದ್ರೂ ಬರೀಬಹುದು, ಹಾಗಾಗಿ ಒಂದೇ ಸೀರೆ ಮೂರು ಕಡೆ ಕಾಪಿ ಆಗೋ ಪ್ರಶ್ನೆನೇ ಇಲ್ಲ. ಪಂಚಮಿ ಯಾವ ತಿಂಗಳಿಗಾದ್ರೂ ಬರ್ಲಿ, ಫಿಲ್ಟರ್ ಹಾಕಿದ್ರೆ ಬರುತ್ತೆ.

ದಡಿ, ನೂಲು, ಮಗ್ಗ, ಈ ಮೂರಕ್ಕೆ ಡ್ರಾಪ್‌ಡೌನ್ ಇಟ್ವಿ, ಕೈಯಲ್ಲಿ ಬರೆಯೋಕೆ ಬಿಡಲಿಲ್ಲ. ಒಂದು ದಿನ ಪರಾಸ್ ಅಂತ, ಇನ್ನೊಂದು ದಿನ ಪರಾಸಪೇಟ ಅಂತ ಬರೆದ್ರೆ ಹುಡುಕಿದಾಗ ಅರ್ಧ ಸಿಗುತ್ತೆ ಅರ್ಧ ಸಿಗಲ್ಲ. ಬಣ್ಣಕ್ಕೆ ಮಾತ್ರ ಎರಡು ಕಾಲಮ್ಮು, ಮನೆಯವರು ಗಿರಿ ಕುಂಕುಮ ಅಂತಾರೆ, ಗಿಳಿ ಹಸಿರು ಅಂತಾರೆ, ಗಿರಾಕಿ ಮರೂನ್ ಇದೆಯಾ ಅಂತ ಕೇಳ್ತಾರೆ, ಎರಡೂ ಬೇಕು.

ಅಸಲಿ ಫೋಟೋ ಮೇಲೆ ಏನೂ ಬರೀಬಾರದು ಅನ್ನೋ ನಿಯಮಕ್ಕೆ ಸೊಸೆ ಮೊದಲು ಒಪ್ಪಲಿಲ್ಲ, ರೇಟ್ ಕಾಣದಿದ್ರೆ ನೂರು ಜನ ಕೇಳ್ತಾರೆ ಅಂತ. ಅದು ಸರಿನೇ. ರೇಟ್ ಬರೆದದ್ದು ಸ್ಟೇಟಸ್‌ಗೆ ಮಾತ್ರ, ಅದು 24 ಗಂಟೆಗೆ ಹೋಗುತ್ತೆ, ಅಸಲಿ ಡ್ರೈವ್‌ನಲ್ಲಿ ಹಾಗೇ ಇರುತ್ತೆ ಅಂತ ಮಾಡ್ಕೊಂಡ್ವಿ. ಇದರ ಬೆಲೆ 2025ರ ಶುರುವಲ್ಲಿ ಗೊತ್ತಾಯ್ತು, ಇನ್ಸ್ಟಾಗ್ರಾಮ್ ಪ್ರೊಫೈಲ್ ಗ್ರಿಡ್ಡನ್ನ ಚೌಕದಿಂದ ಉದ್ದಕ್ಕೆ ಬದಲಾಯಿಸ್ದಾಗ ಹಳೇ ಚೌಕದ ಪೋಸ್ಟರ್‌ಗಳಲ್ಲಿ ಅಕ್ಷರಗಳೇ ಕತ್ತರಿಸಿ ಹೋಗಿ ಕಂಡ್ವು, ಅಸಲಿ ಇದ್ದ ಸೀರೆಗಳನ್ನ ಮತ್ತೆ ಉದ್ದಕ್ಕೆ ಕತ್ತರಿಸಿ ಹಾಕೋದು ಸುಲಭ ಆಯ್ತು.

ಮೈದುನನಿಗೆ ವಾಟ್ಸಾಪಲ್ಲಿ ಫೋಟೋ ಕಳಿಸೋದು ಪೂರ್ತಿ ನಿಂತಿದೆ, ಅವನು ಡ್ರೈವ್‌ನಿಂದಲೇ ತಗೋತಾನೆ. ಹೊರಗಿನ ನೇಕಾರರಿಗೆ ಡ್ರೈವ್ ಕಲಿಸೋಕೆ ಹೋಗಲಿಲ್ಲ, ಅವರು ವಾಟ್ಸಾಪಲ್ಲೇ ಕಳಿಸ್ಲಿ, ಆದ್ರೆ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸ್ಲಿ, ಆಗ ಅಸಲಿ ಫೈಲ್ ಹಾಗೇ ಬರುತ್ತೆ, ಅಷ್ಟನ್ನ ಮಾತ್ರ ಕಲಿಸಿದ್ವಿ.

ಐಡಿಯಾ ಎಲ್ಲಿಂದ

ಐಡಿಯಾಗೆ ಅದೇ ಶೀಟಲ್ಲಿ ಇನ್ನೊಂದು ಹಾಳೆ. ಮೈದುನ ಸೇವ್ ಮಾಡಿಟ್ಟಿದ್ದ ಬೇರೆಯವರ ರೀಲ್ಸನ್ನೆಲ್ಲ ಅಲ್ಲಿಗೆ ತರೋಣ ಅಂದ, ಬೇಡ ಅಂದೆ. ಅದರ ಬದಲು ಸೊಸೆಯ ವಾಟ್ಸಾಪ್ ತೆಗೆದು ಗಿರಾಕಿಗಳು ಕೇಳಿದ ಪ್ರಶ್ನೆಗಳನ್ನ ಅವರ ಮಾತಲ್ಲೇ ಒಂದೊಂದು ಸಾಲಿಗೆ ಇಳಿಸಿದ್ವಿ. ಮೊದಲ ಸಲ ತೊಳೆಯುವಾಗ ಬಣ್ಣ ಬಿಡುತ್ತಾ? 9 ಗಜದ್ದು ಸಿಗುತ್ತಾ? ಕೈಮಗ್ಗ ಅಂತ ನೋಡಿ ಗುರುತಿಸೋದು ಹೇಗೆ? ಇದಕ್ಕೆ ಯಾವ ಖಣ ಒಪ್ಪುತ್ತೆ? ಕಸೂತಿ ಹಾಕಿಸಿ ಕೊಡ್ತೀರಾ? ಅಜ್ಜಿ ಸೀರೆ ಸೆರಗು ಹರಿದಿದೆ, ಏನು ಮಾಡ್ಲಿ? ಸೊಸೆ ಇವಕ್ಕೆಲ್ಲ ದಿನಾ ಒಬ್ಬೊಬ್ಬರಿಗೇ ಉತ್ತರ ಕೊಟ್ಟು ಸುಸ್ತಾಗ್ತಿದ್ಲು, ಅವೇ ಪೋಸ್ಟ್‌ಗಳು ಅಂತ ಆ ಮನೇಲಿ ಯಾರಿಗೂ ಹೊಳೆದಿರಲಿಲ್ಲ.

ಪ್ರತಿ ಪ್ರಶ್ನೆ ಪಕ್ಕ ಎರಡೇ ಖಾನೆ: ಇದಕ್ಕೆ ಯಾವ ನಂಬರಿನ ಸೀರೆ ತೋರಿಸ್ಬಹುದು, ಮತ್ತೆ ಇನ್ನೂ ಏನು ಶೂಟ್ ಮಾಡ್ಬೇಕು. ಈ ಎರಡನೇ ಖಾನೆ ತುಂಬಾ ಕೆಲಸ ಮಾಡ್ತು. ಮೈದುನ ಊರಿಗೆ ಬಂದಾಗ ಏನು ಶೂಟ್ ಮಾಡ್ಲಿ ಅಂತ ಮನೆ ತುಂಬಾ ಓಡಾಡೋದು ತಪ್ಪಿತು, ಆ ಕಾಲಮ್ ತೆಗೆದ್ರೆ ಪಟ್ಟಿ ಸಿದ್ಧ. ಸೀರೆ ತೊಳೆಯೋ ವಿಡಿಯೋ, ಮೈಯ ಹಾಸಿಗೆ ಸೆರಗಿನ ಹಾಸು ಜೋಡಿಸೋ ವಿಡಿಯೋ, ದಡಿಗಳ ಹೆಸರು ಹೇಳ್ತಾ ಒಂದೊಂದಾಗಿ ತೋರಿಸೋದು, ಎಲ್ಲಾ ಹೀಗೇ ಆದದ್ದು.

ಸದ್ದಿನದ್ದೂ ಒಂದು ಫೋಲ್ಡರ್ ಮಾಡಿದ್ವಿ. ಬಿಸಿನೆಸ್ ಅಕೌಂಟಿಗೆ ಇನ್ಸ್ಟಾಗ್ರಾಮ್ ಸಿನಿಮಾ ಹಾಡುಗಳನ್ನೆಲ್ಲ ಬಳಸೋಕೆ ಕೊಡಲ್ಲ. ಮೈದುನನಿಗೆ ಅದೊಂದು ದೊಡ್ಡ ಕೊರಗು. ಮಗ್ಗದ ಸದ್ದು, ಲಾಳಿ ಆ ಕಡೆಯಿಂದ ಈ ಕಡೆ ಹೋಗೋ ಸದ್ದು, ಹೆಣ್ಮಕ್ಕಳು ಕಂಡಿಕೆಗೆ ನೂಲು ಸುತ್ತುತ್ತಾ ಮಾತಾಡೋದು, ಇವನ್ನ ಬೇರೆ ಬೇರೆ ಹೊತ್ತಲ್ಲಿ ರೆಕಾರ್ಡ್ ಮಾಡಿ ಇಟ್ವಿ. ಆ ಸದ್ದಿನ ರೀಲ್‌ಗಳಿಗೆ ಜನ ಬರೆಯೋ ಕಾಮೆಂಟ್ ಓದ್ಬೇಕು ನೀವು, ನಮ್ಮಜ್ಜಿ ಮನೆ ನೆನಪಾಯ್ತು ಅಂತ ದೂರದೇಶದಿಂದ ಬರೀತಾರೆ.

ಒಪ್ಪಿಗೆ ಕಾಲಮ್

ಇದನ್ನ ಬೇರೆಯಾಗಿ ಹೇಳ್ಬೇಕು, ಯಾಕಂದ್ರೆ ಬಹಳ ಜನ ಇದನ್ನ ಬಿಟ್ಟೇ ಬಿಡ್ತಾರೆ. ಗಿರಾಕಿ ಸೀರೆ ಉಟ್ಟು ಫೋಟೋ ಕಳಿಸಿದ್ರು ಅಂದ ಮಾತ್ರಕ್ಕೆ ಪೇಜಿಗೆ ಹಾಕಿ ಅಂತ ಅರ್ಥ ಅಲ್ಲ. ಈಗ ಸೊಸೆ ಒಂದು ಮೆಸೇಜ್ ಕಳಿಸಿ ಕೇಳ್ತಾಳೆ, ಸರಿ ಅಂದ್ರೆ ಅದರ ಸ್ಕ್ರೀನ್‌ಶಾಟ್ ಕೂಡ ಅದೇ ನಂಬರಿನ ಫೋಲ್ಡರಿಗೆ. ಒಬ್ಬರು ಮೊದಲು ಹೂಂ ಅಂದು ಆಮೇಲೆ ಮನೇಲಿ ಬೇಡ ಅಂದ್ರು, ತೆಗೀರಿ ಅಂದ್ರು. ನಂಬರ್ ಇದ್ದದ್ದರಿಂದ ಎಲ್ಲೆಲ್ಲಿ ಹಾಕಿದ್ದಾರೆ ಅಂತ ಶೀಟ್ ನೋಡಿ ಪೇಜು, ವಾಟ್ಸಾಪ್ ಕ್ಯಾಟಲಾಗು, ಡ್ರೈವು ಮೂರೂ ಕಡೆಯಿಂದ ಅವತ್ತೇ ತೆಗೆದ್ರು.

ನೇಯುವ ಹೆಣ್ಮಕ್ಕಳದೂ ಹಾಗೇ. ಒಬ್ಬ ತಾಯಿ ಸ್ಪಷ್ಟವಾಗಿ ಹೇಳಿದ್ರು, "ಕೈ ತೆಗೀರಿ, ಮಾರಿ ಬ್ಯಾಡ್ರಿ." ಒಪ್ಪಿಗೆ ಕಾಲಮ್ಮಿನಲ್ಲಿ "ಕೈ ಮಾತ್ರ" ಅಂತ ಬರೆದಿದೆ. ಬೆಂಗಳೂರಲ್ಲಿ ಕೂತು ಪೋಸ್ಟ್ ಮಾಡೋ ಹುಡುಗನಿಗೆ ಆ ಅಮ್ಮ ಏನು ಹೇಳಿದ್ರು ಅನ್ನೋದು ಗೊತ್ತಿರೋಕೆ ಸಾಧ್ಯ ಇಲ್ಲ, ಶೀಟ್ ಹೇಳ್ಬೇಕು ಅಷ್ಟೇ.

ಮಾರಿದ ಸೀರೆಯ ಜಗಳ

ನಡುವೆ ಒಂದು ದೊಡ್ಡ ಭಿನ್ನಾಭಿಪ್ರಾಯ ಬಂತು. ಮಾರಾಟ ಆದ ಸೀರೆ ಫೋಟೋ ಏನು ಮಾಡೋದು? ಮಾವ ಅಳಿಸಿಬಿಡಿ ಅಂದ್ರು. "ಮಾರಿದ ಸೀರಿ ಮತ್ಯಾಕ ತೋರಸ್ತೀ ಯವ್ವಾ, ಈಗ ಅದು ಬ್ಯಾರೇದವ್ರ ಸೀರಿ." ಸೊಸೆ ಅಂದ್ಲು, "ಹಂಗಲ್ರಿ ಮಾವಾರ, ಅದನ್ನ ನೋಡಿ ಇಂಥಾದ್ದ ಮಾಡಿ ಕೊಡ್ರಿ ಅಂತ ಆರ್ಡರ್ ಬರ್ತಾವ." ಇಬ್ಬರ ಮಾತಲ್ಲೂ ನ್ಯಾಯ ಇತ್ತು. ಇಲ್ಲದ ಸೀರೆ ತೋರಿಸಿ ಗಿರಾಕಿಗೆ ಆಸೆ ಹುಟ್ಟಿಸಿ ಇಲ್ಲ ಅನ್ನೋದು ಮಾವನಿಗೆ ಮೋಸ ಅನ್ಸುತ್ತೆ, ಸೊಸೆಗೆ ಅದು ನೇಯ್ಗೆಯ ದಾಖಲೆ.

ಕೊನೆಗೆ ಹೀಗೆ ತೀರ್ಮಾನ ಆಯ್ತು. ಮಾರಾಟ ಆದ ದಿನವೇ ಶೀಟಲ್ಲಿ "ಹೋಯ್ತು", ವಾಟ್ಸಾಪ್ ಕ್ಯಾಟಲಾಗಿಂದ ಅವತ್ತೇ ಔಟು. ಫೋಟೋ ಡ್ರೈವ್‌ನಲ್ಲಿ ಇರುತ್ತೆ, ಪೋಸ್ಟಲ್ಲಿ ಬಳಸಿದ್ರೆ ಮೊದಲ ಸಾಲಲ್ಲೇ "ಈ ಸೀರೆ ಈಗಿಲ್ಲ, ನೇಯ್ಗೆ ತೋರಿಸೋಕೆ ಹಾಕಿದ್ದು" ಅಂತ ಬರೀಬೇಕು. ಗಿರಾಕಿ ತಾವೇ ಹೇಳಿ ನೇಯಿಸಿದ ಮದುವೆ ಸೀರೆಯಾದ್ರೆ ಅವರನ್ನ ಕೇಳದೇ ಬಳಸಲ್ಲ. ಮಾವ ಒಪ್ಪಿದ್ರು.

ಏನಾಯ್ತು

ಮೊದಲಿಗಿಂತ ಪೋಸ್ಟ್ ಕಡಿಮೆ ಆಗಿವೆ, ಇದನ್ನ ಸ್ಪಷ್ಟವಾಗಿ ಹೇಳ್ತೀನಿ. ದಿನಾ ಒಂದು ಹಾಕೋ ಹಟ ಬಿಟ್ರು. ಆದ್ರೆ ಪ್ರತಿ ಪೋಸ್ಟಲ್ಲೂ ದಡಿ ಯಾವುದು, ನೂಲು ಯಾವುದು, ಯಾವ ಮಗ್ಗದ್ದು, ಬಣ್ಣ ಫೋಟೋಕ್ಕಿಂತ ಎಷ್ಟು ಹೆಚ್ಚುಕಮ್ಮಿ ಅಂತ ಇರುತ್ತೆ, ಬಹಳ ಸಲ ಮಾವನ ಮಾತೇ ಹಾಗ್ಹಾಗೇ ಇರುತ್ತೆ. ಪೋಸ್ಟ್ ಹಾಕೋದು ಈಗ ಸೊಸೆನೇ, ಮಧ್ಯಾಹ್ನ ಕೂತು ಮುಂದಿನ ಕೆಲವು ದಿನದ್ದು ಶೆಡ್ಯೂಲ್ ಮಾಡ್ತಾಳೆ, ಮೈದುನ ರೀಲ್ ಎಡಿಟಿಂಗ್ ನೋಡ್ಕೋತಾನೆ. ರಾತ್ರಿ 9ರ ಮೆಸೇಜ್ ನಿಂತಿದೆ. ಕೈಮಗ್ಗ ಗುರುತಿಸೋದು ಹೇಗೆ ಅನ್ನೋ ಪೋಸ್ಟನ್ನ ಗಿರಾಕಿಗಳು ತಾವೇ ಬೇರೆಯವರಿಗೆ ಕಳಿಸ್ತಾರೆ, ಅದೇ ಪೋಸ್ಟನ್ನ ಫೋಟೋ ಬದಲಾಯಿಸಿ ಮತ್ತೆ ಮತ್ತೆ ಹಾಕ್ತಾರೆ, ಯಾರೂ ಬೇಸರ ಮಾಡ್ಕೊಂಡಿಲ್ಲ. ಬಣ್ಣ ಬೇರೆ ಬಂತು ಅಂತ ವಾಪಸ್ ಕಳಿಸೋರು ಕಡಿಮೆ ಆಗಿದ್ದಾರೆ ಅಂತ ಸೊಸೆ ಹೇಳ್ತಾಳೆ, ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಫಲ ಅನ್ಸುತ್ತೆ.

ಎಲ್ಲಾ ಸರಿಹೋಗಿಲ್ಲ. ಮದುವೆ ಸೀಸನ್‌ನಲ್ಲಿ ಮಾಲು ಬಂದ ಹಾಗೇ ಹೋಗುತ್ತೆ, ಚೀಟಿ ಹಚ್ಚೋ ಮೊದಲೇ ಮಾರಾಟ ಆಗುತ್ತೆ, ಆ ಸೀರೆಗಳಿಗೆ ಫೋಟೋನೇ ಇಲ್ಲ. ಒಂದು ಸಲ ಚೀಟಿ ಅದಲುಬದಲಾಗಿ ಎರಡು ಸೀರೆ ವಿವರ ತಿರುವು ಮುರುವಾಗಿತ್ತು, ವಾಯ್ಸ್ ನೋಟಲ್ಲಿ ಮಾವ ಮೊದಲು ನಂಬರ್ ಹೇಳಿದ್ದರಿಂದ ಸಿಕ್ಕಿಬಿತ್ತು. ಅದಕ್ಕೇ ನಂಬರ್ ಬಾಯಲ್ಲಿ ಹೇಳೋದನ್ನ ಬಿಡಬೇಡಿ ಅಂತ ನಾನು ಎಲ್ಲರಿಗೂ ಹೇಳೋದು. ಗೂಗಲ್ ಕೊಡೋ ಪುಕ್ಕಟೆ 15 ಜಿಬಿಯಲ್ಲಿ ಜಿಮೇಲೂ ಸೇರಿರುತ್ತೆ, ವಿಡಿಯೋ ಇಟ್ಟರೆ ಬೇಗ ತುಂಬುತ್ತೆ, ತುಂಬಿದ ಮೇಲೆ ಮೇಲ್ ಕೂಡ ನಿಲ್ಲುತ್ತೆ, ಇವರು ದುಡ್ಡು ಕೊಟ್ಟು ಜಾಗ ತಗೊಂಡ್ರು.

ಇದೇ ದಾರಿ ಹಿಡಿಯೋರಿಗೆ ಒಂದು ಮಾತು. ಉಪ್ಪಿನಕಾಯಿ ಮಾಡೋರಿಗೆ, ನರ್ಸರಿಯವರಿಗೆ, ಯಕ್ಷಗಾನ ಮೇಳದವರಿಗೆ ಇದೇ ಶೀಟ್ ಕಾಪಿ ಮಾಡಿದ್ರೆ ಆಗಲ್ಲ. ನಿಮ್ಮಲ್ಲಿ ಈಗಾಗಲೇ ಎಣಿಕೆ ಎಲ್ಲಿ ನಡೀತಿದೆ ನೋಡಿ, ಬ್ಯಾಚ್ ನಂಬರಾ, ಗಿಡದ ಹೆಸರಾ, ಪ್ರಸಂಗದ ಹೆಸರು ಮತ್ತೆ ಆಟದ ದಿನನಾ, ಅದಕ್ಕೇ ಫೋಟೋ ಕಟ್ಟಿ. ತಿಳಿದವರ ಬಾಯಿಂದ ಬರೋ ಮಾತು ಎಲ್ಲಿ ಸಲೀಸಾಗಿ ಬರುತ್ತೋ ಅಲ್ಲೇ ಹಿಡ್ಕೊಳ್ಳಿ. ಆ್ಯಪ್ ಯಾವುದು ಅನ್ನೋದನ್ನ ಕೊನೆಗೆ ಯೋಚನೆ ಮಾಡಿ.

ಹಳೇ ರಾಶಿ ಏನಾಯ್ತು ಅಂತ ಎಲ್ಲರೂ ಕೇಳ್ತಾರೆ. ಅದನ್ನ ವಿಂಗಡಿಸೋಕೆ ಹೋಗಲೇ ಇಲ್ಲ. ಎಲ್ಲರ ಫೋನಿಂದಲೂ ಒಂದು ಹಾರ್ಡ್ ಡಿಸ್ಕಿಗೆ ಹಾಕಿ ಪಕ್ಕಕ್ಕಿಟ್ರು, ಹಳೇ ಗಿರಾಕಿ ಯಾರಾದ್ರೂ ತಮ್ಮ ಸೀರೆ ಬಗ್ಗೆ ಕೇಳಿ ಫೋಟೋ ಕಳಿಸಿದಾಗ ಅದೊಂದನ್ನ ಮಾತ್ರ ಮಾವನಿಗೆ ತೋರಿಸಿ, ಅವರು ಹೇಳಿದ್ದನ್ನ ರೆಕಾರ್ಡ್ ಮಾಡಿ, ನಂಬರ್ ಕೊಟ್ಟು ಒಳಗೆ ತಗೋತಾರೆ. ಮಾವನ ವಾಯ್ಸ್ ನೋಟ್‌ಗಳು ಸೊಸೆ ಫೋನೊಂದರಲ್ಲೇ ಇದ್ವು, ಅದು ನನಗೆ ಬಹಳ ದಿನ ಚಿಂತೆ ಆಗಿತ್ತು. ಈಗ ಭಾನುವಾರ ಅಂಗಡಿ ಮುಚ್ಚಿದ ಮೇಲೆ ಅವನ್ನೂ ಡ್ರೈವ್‌ಗೆ ಒಂದು, ಅದೇ ಹಾರ್ಡ್ ಡಿಸ್ಕಿಗೆ ಒಂದು ಕಾಪಿ ಹಾಕ್ತಾರೆ.